ಐಎನ್‌ಎಸ್ 320 ಕುರಿತ ಸಂದೇಶ: ಒಂದು ಸ್ಪಷ್ಟನೆ

ತಿನಿಸಿನ ಪೊಟ್ಟಣದ ಮೇಲೆ ‘ಐಎನ್‌ಎಸ್ 320’ (ಆಹಾರಕ್ಕೆ ಬೆರೆಸುವ ವಸ್ತುಗಳಿಗೆ ಕೊಡುವ ಅಂತಾರಾಷ್ಟ್ರೀಯ ಸಂಖ್ಯೆ) ಎಂದಿದ್ದರೆ ಅದು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಸಾಬೀತಾಗಿರುವ, ವಿಶ್ವವೇ ನಿಷೇಧಿಸಿರುವ ವಿಷವೆಂಬ ಸಂದೇಶ ಹರಿದಾಡುತ್ತಿದೆ. ಕಳೆದ ವಾರ ಪರಿಶೀಲಿಸದೆ ನಾನೂ ಅದನ್ನು ಹಂಚಿದ್ದೆ, ಅದು ತಪ್ಪು.

320 ಎಂದರೆ ಬಿಎಚ್‌ಎ, ಅಂದರೆ ಎಣ್ಣೆ-ಕೊಬ್ಬು ಗಾಳಿಯ ಆಮ್ಲಜನಕದೊಡನೆ ವರ್ತಿಸಿ ಕಮಟು ಹಿಡಿಯದಂತೆ ತಡೆಯುವ ಕೃತಕ ಉತ್ಕರ್ಷಣ ನಿರೋಧಕ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯಾದ ಐಎಆರ್‌ಸಿ ಇದನ್ನು ‘2ಬಿ’ ಗುಂಪಿನಲ್ಲಿ, ಎಂದರೆ ಕ್ಯಾನ್ಸರ್‌ಕಾರಕವಾಗಿರುವ ಸಾಧ್ಯತೆಯುಳ್ಳ ವಸ್ತುಗಳ ಸಾಲಿನಲ್ಲಿ ಇರಿಸಿರುವುದು ನಿಜ; ಆದರೆ ಅದು ಸಾಬೀತಾದವುಗಳ ಗುಂಪಲ್ಲ, ನಿಷೇಧಿಸುವ ಅಧಿಕಾರವೂ ಆ ಸಂಸ್ಥೆಗಿಲ್ಲ. ಆಹಾರದಲ್ಲಿ ಶೇ. 2ರಷ್ಟು ಬಿಎಚ್‌ಎ ಬೆರೆಸಿ ತಿನ್ನಿಸಿದ ಇಲಿಗಳ ಮುಂಜಠರದಲ್ಲಿ ಗೆಡ್ಡೆಗಳು ಕಂಡುಬಂದದ್ದು ಆ ವರ್ಗೀಕರಣದ ಮುಖ್ಯ ಆಧಾರ, ಮತ್ತು ಮುಂಜಠರವೆಂಬ ಅಂಗ ಮನುಷ್ಯರಿಗೆ ಇಲ್ಲವೇ ಇಲ್ಲ. ಆಹಾರ ಸಂಯೋಜಕಗಳ ಅಂತಾರಾಷ್ಟ್ರೀಯ ತಜ್ಞ ಸಮಿತಿಯಾದ ಜೆಕ್ಫಾ, ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.5 ಮಿಲಿಗ್ರಾಂವರೆಗಿನ ಸೇವನೆಯನ್ನು ಒಪ್ಪಿದೆ. 60 ಕಿಲೋ ತೂಗುವವರಿಗೆ ಅದು 30 ಮಿಲಿಗ್ರಾಂ.

ಕ್ರೀಮುಗಳಲ್ಲಿರುವ ಬಿಎಚ್‌ಟಿಯನ್ನೂ ಸಂದೇಶ ಇದರೊಂದಿಗೇ ಕಲಸಿದೆ. ಅದು ಬೇರೆ ರಾಸಾಯನಿಕ, ಸಂಖ್ಯೆ 321. ಐರೋಪ್ಯ ಒಕ್ಕೂಟ ಅದನ್ನು ನಿಷೇಧಿಸಿಲ್ಲ, ಪ್ರಸಾಧನಗಳಲ್ಲಿ ಪ್ರಮಾಣದ ಮಿತಿ ವಿಧಿಸಿದೆ.

320 ಇರುವ ತಿನಿಸನ್ನು ಬಿಡುವುದು ಅವರವರ ಆಯ್ಕೆ. ಸಂದೇಶವನ್ನು ಮಾತ್ರ ದಯವಿಟ್ಟು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದಲ್ಲಿ ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ತಲುಪಿಸಿ.