ಗೋಡೆಯ ಮೇಲಿನ ಕೋವಿ, ಅಂಗಿಯೊಳಗಿನ ಪಿಸ್ತೂಲು

ನಮ್ಮೂರ ಮನೆಯಲ್ಲಿ ಕೋವಿ ಇರುತ್ತಿದ್ದುದು ನಡುಮನೆಯ ಗೋಡೆಯ ಮೇಲೆ. ನೆಂಟರಿಗೂ ಕಾಣಬೇಕು, ತೋಟದ ಕೆಲಸಕ್ಕೆ ಬಂದವರಿಗೂ ಕಾಣಬೇಕು. ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ಅಜ್ಜ ಅದನ್ನಿಳಿಸಿ, ಒರೆಸಿ, ನಳಿಗೆಯ ತುದಿಗೆ ಕೋವಿಹೂ ಸಿಕ್ಕಿಸಿ ದೀಪದ ಮುಂದೆ ಇಡುತ್ತಿದ್ದರು. ಮಡಿಕೇರಿ ಸುತ್ತಿನ ಅರೆಭಾಷೆ ಮನೆ ನಮ್ಮದು. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಹಿಡುವಳಿಯವರಾದ್ದರಿಂದ ಲೈಸೆನ್ಸಿನ ತಾಪತ್ರಯ ಇರಲಿಲ್ಲ. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ಕೊಡಗಿಗೆ ಸಿಕ್ಕ ವಿನಾಯಿತಿಯ ಮುಂದುವರಿಕೆ ಅದು. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿದೆ, ಕರ್ನಾಟಕ ಹೈಕೋರ್ಟು 2021ರಲ್ಲಿ ಎತ್ತಿಹಿಡಿದಿದೆ.

ಈಗ ನಾನಿರುವುದು ಟೆಕ್ಸಸ್‌ನ ಹೂಸ್ಟನ್ ಪಕ್ಕದಲ್ಲಿ. ಇಲ್ಲಿ ನನ್ನ ಪಿಸ್ತೂಲು ಯಾರಿಗೂ ಕಾಣಬಾರದು. ಪ್ಯಾಂಟಿನೊಳಗೆ, ಬನಿಯನ್ನಿಗೆ ತಾಗಿಕೊಂಡು, ಅಂಗಿಯ ಕೆಳಗೆ ಇರಬೇಕು. ಅಜ್ಜ ಇದ್ದಿದ್ದರೆ ಮೊದಲು ಕೇಳುತ್ತಿದ್ದ ಪ್ರಶ್ನೆ ನನಗೆ ಗೊತ್ತು: ‘ಕಳ್ಳಮಾಲೇನೋ ಅದು?’

ಆದರೆ ನಾನು ಹೇಳಹೊರಟಿರುವುದು ಬಚ್ಚಿಡುವುದು ಸರಿಯೋ ತಪ್ಪೋ ಎಂದಲ್ಲ. ಬಚ್ಚಿಡುವ ಚೀಲದ ವಿಷಯ, ಹೋಲ್‌ಸ್ಟರ್ ವಿಷಯ. ಅಜ್ಜನದು ನಡುವೆ ಮಡಚುವ ತೋಟಾಕೋವಿ. ಜನರ ನಡುವೆ ನಡೆಯುವಾಗ ಅದನ್ನು ಮಡಚಿ ತೋಳಿನ ಮೇಲೆ ಹಾಕಿಕೊಳ್ಳುತ್ತಿದ್ದರು. ನಳಿಗೆಯಲ್ಲಿ ತೋಟಾ ಇದೆಯೋ ಇಲ್ಲವೋ ನಾಲ್ಕು ಮಾರು ದೂರದಲ್ಲಿ ನಿಂತವನಿಗೂ ಕಾಣುತ್ತಿತ್ತು. ಅಲ್ಲಿ ಸುರಕ್ಷತೆ ಎಂದರೆ ಕಣ್ಣಿಗೆ ಬೀಳುವ ವಸ್ತು. ಇಲ್ಲಿ ತುಂಬಿದ ಪಿಸ್ತೂಲು ನನ್ನ ಮೈಗಂಟಿಕೊಂಡಿದೆ, ನನಗೂ ಕಾಣುವುದಿಲ್ಲ. ಆ ಮಡಚಿದ ಕೋವಿ ಮಾಡುತ್ತಿದ್ದ ಕೆಲಸವನ್ನೆಲ್ಲ ಈ ಅಂಗೈಯಗಲದ ಹೋಲ್‌ಸ್ಟರ್ ಮಾಡಬೇಕು. ನಮ್ಮವರು ಅದನ್ನು ಮೊಬೈಲ್ ಕವರ್ ಕೊಳ್ಳುವ ಹಾಗೆ ಕೊಳ್ಳುತ್ತಾರಲ್ಲ, ನನ್ನ ತಕರಾರು ಅಷ್ಟೇ.

ನಾನೂ ಹಾಗೇ ಕೊಂಡವನು. ಮೊದಲನೆಯದು ಆನ್‌ಲೈನಿನಲ್ಲಿ ಸಿಕ್ಕ ನೈಲಾನಿನದು. ‘ಎಲ್ಲ ಪಿಸ್ತೂಲುಗಳಿಗೂ ಹೊಂದುತ್ತದೆ’ ಎಂದಿತ್ತು. ಮೆತ್ತಗಿತ್ತು, ಅಗ್ಗವಾಗಿತ್ತು, ಹಾಕಿಕೊಂಡರೆ ಸುಖವಾಗಿಯೇ ಇತ್ತು. ಲೈಸೆನ್ಸಿನ ತರಗತಿಗೆ ಹೋದಾಗ ಅಲ್ಲಿನ ತರಬೇತುದಾರ, ಒಬ್ಬ ನಿವೃತ್ತ ಪೊಲೀಸ್, ಅದನ್ನು ನೋಡಿ ಏನೂ ಹೇಳಲಿಲ್ಲ. ನನ್ನ ಗ್ಲಾಕ್ ಪಿಸ್ತೂಲನ್ನು ಇಸಿದುಕೊಂಡು ಗುಂಡು ತುಂಬುವ ಮ್ಯಾಗಝಿನ್ ತೆಗೆದು, ಮೇಲಿನ ಸ್ಲೈಡ್ ಹಿಂದಕ್ಕೆ ಎಳೆದು ಒಳಗೆ ನೋಡಿ, ಬೆರಳು ತೂರಿಸಿ, ನನಗೂ ತೋರಿಸಿ ಖಾಲಿ ಎಂದು ಖಚಿತ ಮಾಡಿಕೊಂಡರು. ಆಮೇಲೆ ನೈಲಾನಿನೊಳಗೆ ಇಳಿಸಿದರು. ಹೊರಗಿನಿಂದ ಹೆಬ್ಬೆರಳಲ್ಲಿ ಬಟ್ಟೆಯನ್ನು ಟ್ರಿಗರಿನ ಕುಳಿಯೊಳಗೆ ಒತ್ತಿ ಹಿಂದಕ್ಕೆ ಜಗ್ಗಿದರು.

ಟಕ್.

ಇಡೀ ತರಗತಿಗೆ ಕೇಳಿಸಿತು. ಬೀದಿಯಲ್ಲಾಗಿದ್ದರೆ ಆ ಗುಂಡು ನನ್ನ ತೊಡೆಯಲ್ಲಿರುತ್ತಿತ್ತು. ಗ್ಲಾಕಿನಲ್ಲಿ ಬೆರಳಿಂದ ತಳ್ಳುವ ಸೇಫ್ಟಿ ಗುಬ್ಬಿ ಇಲ್ಲ. ಒಳಗೆ ಮೂರು ಸೇಫ್ಟಿಗಳಿದ್ದರೂ ಟ್ರಿಗರ್ ಹಿಂದೆ ಸರಿದರೆ ಮೂರೂ ದಾರಿ ಬಿಡುತ್ತವೆ. ಸುಮಾರು ಎರಡೂವರೆ ಕಿಲೋ ಒತ್ತಡ, ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ದೂರ. ಟ್ರಿಗರನ್ನು ಒತ್ತಿದ್ದು ಬೆರಳೋ ಬಟ್ಟೆಯೋ ಜಾಕೆಟಿನ ಲಾಡಿಯೋ ಎಂದು ಪಿಸ್ತೂಲು ವಿಚಾರಿಸುವುದಿಲ್ಲ.

ಇನ್ನು ಹೋಲ್‌ಸ್ಟರೇ ಬೇಡ, ಸೊಂಟಕ್ಕೆ ಸಿಕ್ಕಿಸಿದರಾಯಿತು ಎನ್ನುವ ಸಿನಿಮಾ ಶೈಲಿಯವರು. ಅವರಿಗೆ ನಾನು ಹೇಳುವ ಕಥೆ ಪ್ಲಾಕ್ಸಿಕೊ ಬರ್ರೆಸ್‌ನದು. 2008ರ ಫೆಬ್ರವರಿಯಲ್ಲಿ ಅಮೆರಿಕನ್ ಫುಟ್‌ಬಾಲಿನ ಫೈನಲ್ಲಾದ ಸೂಪರ್ ಬೌಲ್ ಗೆಲ್ಲಿಸಿದ ಚೆಂಡನ್ನು ಹಿಡಿದ ಆಟಗಾರ. ಅದೇ ವರ್ಷದ ನವೆಂಬರಿನಲ್ಲಿ ನ್ಯೂಯಾರ್ಕಿನ ನೈಟ್‌ಕ್ಲಬ್ಬಿಗೆ ಸಡಿಲ ಪ್ಯಾಂಟಿನ ಸೊಂಟಕ್ಕೆ ಗ್ಲಾಕ್ ಸಿಕ್ಕಿಸಿಕೊಂಡು ಹೋದ. ಅದು ಜಾರಿ ಸಿಡಿದು ಅವನದೇ ತೊಡೆಗೆ ಗುಂಡು ಹೊಕ್ಕಿತು. ಗಾಯ ವಾಸಿಯಾಯಿತು, ಆದರೆ ನ್ಯೂಯಾರ್ಕಿನ ಕಾನೂನು ಅವನನ್ನು ಜೈಲಿಗೆ ಕಳಿಸಿತು. ಗೆಲುವಿನ ಚೆಂಡು ಹಿಡಿದ ಕೈಗೇ ಜಾರುವ ಪಿಸ್ತೂಲು ಹಿಡಿಯಲಾಗದಿದ್ದರೆ ನಮ್ಮ ನಿಮ್ಮ ಪಾಡೇನು?

ಕಾನೂನಿನ ಮಾತು ಬಂದದ್ದರಿಂದ ಒಂದು ಹೋಲಿಕೆ. ಭಾರತದ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ, ಲೈಸೆನ್ಸ್ ಇರುವವನು ಸಾರ್ವಜನಿಕ ಜಾಗದಲ್ಲಿ ಪಿಸ್ತೂಲು ಒಯ್ಯುವಾಗ ಅದು ಹೋಲ್‌ಸ್ಟರಿನಲ್ಲೋ ಅಂಥದೇ ಚೀಲದಲ್ಲೋ ಇರಬೇಕು, ಪೂರ್ತಿ ಮುಚ್ಚಿರಬೇಕು, ಹತೋಟಿಯಲ್ಲಿರಬೇಕು. ಟೆಕ್ಸಸ್ ಉಲ್ಟಾ. ಹೊರಗೆ ಕಾಣುವಂತೆ ಒಯ್ದರೆ ಮಾತ್ರ ಹೋಲ್‌ಸ್ಟರ್ ಕಡ್ಡಾಯ, ಬಚ್ಚಿಟ್ಟುಕೊಂಡರೆ ಕೇಳುವವರಿಲ್ಲ. 2021ರ ಸೆಪ್ಟೆಂಬರ್ 1ರಿಂದ 21 ವರ್ಷ ದಾಟಿದ, ಕಾನೂನಿನ ಅಡ್ಡಿಯಿಲ್ಲದ ಯಾರಿಗೂ ಲೈಸೆನ್ಸೂ ಬೇಕಿಲ್ಲ. ನಾನು ಲೈಸೆನ್ಸ್ ಮಾಡಿಸಿದಾಗಿನ ಪರೀಕ್ಷೆಯಾದರೂ ಎಂಥದು? 3, 7, 15 ಗಜದಿಂದ ಒಟ್ಟು 50 ಗುಂಡು. ಹೋಲ್‌ಸ್ಟರಿನಿಂದ ತೆಗೆದು ಮತ್ತೆ ಇಡುವುದನ್ನು ಯಾರೂ ಮಾಡಿಸಲಿಲ್ಲ. ಲೈಸೆನ್ಸ್ ಕೊಡುವಾಗ ಯಾವುದು ಹೆಚ್ಚು ಅಪಾಯವೋ ಅದನ್ನೇ ಬಿಟ್ಟರು ಎಂದು ಆಗಲೂ ಅನಿಸಿತ್ತು. (ಎಚ್‌1ಬಿ ವೀಸಾದ ಗೆಳೆಯರಿಗೊಂದು ಮಾತು: ಬೇಟೆಯ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ ನಿಮಗೆ ಬಂದೂಕು ಇಟ್ಟುಕೊಳ್ಳುವುದೇ ಫೆಡರಲ್ ಅಪರಾಧ. ಗ್ರೀನ್ ಕಾರ್ಡ್ ಬರುವ ತನಕ ಈ ಲೇಖನವನ್ನು ಕುತೂಹಲಕ್ಕೆ ಓದಿ, ಸಾಕು.)

ಹಾಗಾದರೆ ಎಂಥದು ಕೊಳ್ಳಬೇಕು? ಗಟ್ಟಿಯಾದದ್ದು, ನಿಮ್ಮದೇ ಮಾದರಿಯ ಪಿಸ್ತೂಲಿಗೆ ಅಚ್ಚು ಹಾಕಿದ್ದು. ಟ್ರಿಗರಿನ ಕುಳಿ ಎರಡೂ ಕಡೆ ಪೂರ್ತಿ ಮುಚ್ಚಿರಬೇಕು, ಹೊರಗಿನಿಂದ ಎಷ್ಟು ಒತ್ತಿದರೂ ಒಳಗೆ ಏನೂ ಮುಟ್ಟಬಾರದು. ಇಲ್ಲಿ ಈಗ ಎಲ್ಲರೂ ಬಳಸುವುದು ಕೈಡೆಕ್ಸ್. 1965ರಲ್ಲಿ ವಿಮಾನದ ಒಳಭಾಗಕ್ಕೆಂದು ಮಾಡಿದ ಪ್ಲಾಸ್ಟಿಕ್ ಹಾಳೆ ಅದು. ಬಿಸಿ ಮಾಡಿ ಪಿಸ್ತೂಲಿನ ಮೇಲೆ ಒತ್ತಿದರೆ ಅದೇ ಆಕಾರ ತಾಳುತ್ತದೆ. ಪಿಸ್ತೂಲು ಇಳಿದಾಗ ಒಂದು ‘ಕ್ಲಿಕ್’ ಬರುತ್ತದೆ, ಹಿಡಿತ ಎಷ್ಟಿರಬೇಕೆಂದು ಸ್ಕ್ರೂ ತಿರುಗಿಸಿ ಹೊಂದಿಸಿಕೊಳ್ಳಬಹುದು. ಇನ್ನೊಂದು ದೊಡ್ಡ ಗುಣವೆಂದರೆ ಪಿಸ್ತೂಲು ಹೊರಬಂದ ಮೇಲೂ ಇದರ ಬಾಯಿ ತೆರೆದೇ ಇರುತ್ತದೆ. ಮತ್ತೆ ಒಳಗಿಡುವಾಗ ಎಡಗೈಯಿಂದ ಬಾಯಿ ಬಿಡಿಸಲು ಹೋಗಿ, ನಳಿಗೆಯ ಮುಂದೆ ನಮ್ಮದೇ ಬೆರಳು ಹಿಡಿಯುವ ಪ್ರಸಂಗ ಬರುವುದಿಲ್ಲ.

ಚರ್ಮದ ಮೇಲೆ ನನಗೆ ಮೋಹವಿದೆ, ಸುಳ್ಳು ಹೇಳುವುದಿಲ್ಲ. ಹೊಸ ಚರ್ಮದ ವಾಸನೆ, ಹೊಲಿಗೆಯ ಚೆಂದ, ಮೈಗೆ ಒಗ್ಗುವ ಬಗೆ. ಆದರೆ ಹೂಸ್ಟನ್ನಿನ ಬೇಸಿಗೆ ಎಂದರೆ ಮಂಗಳೂರಿನ ಮೇ ತಿಂಗಳು. ಎರಡು ಬೇಸಿಗೆಯ ಬೆವರು ಕುಡಿದ ಚರ್ಮ ಮೆತ್ತಗಾಗಿ ಬಾಯಿಯ ಅಂಚು ಒಳಕ್ಕೆ ಮಡಚಿಕೊಳ್ಳಲು ಶುರುವಾಗುತ್ತದೆ. ಆ ಮಡಿಕೆ ಟ್ರಿಗರಿನ ಕುಳಿಗೆ ಹೊಕ್ಕಿತೋ, ಮೊದಲಿನ ನೈಲಾನಿನ ಕಥೆಯೇ. ಒಳ್ಳೆಯ ಚರ್ಮದ ಹೋಲ್‌ಸ್ಟರುಗಳಿಗೆ ಬಾಯಿಗೆ ಲೋಹದ ಪಟ್ಟಿ ಕೊಟ್ಟಿರುತ್ತಾರೆ. ಅಂಥದನ್ನು ಕೊಂಡು ಆಗಾಗ ನೋಡಿಕೊಳ್ಳುವ ತಾಳ್ಮೆ ಇದ್ದರೆ ಸರಿ. ನನಗಿಲ್ಲ.

ಇನ್ನು ಸುಖದ ಮಾತು. ಸುಖಕ್ಕೊಂದು ಹೋಲ್‌ಸ್ಟರ್, ಸುರಕ್ಷತೆಗೊಂದು ಹೋಲ್‌ಸ್ಟರ್ ಎಂದು ಬಹಳ ಮಂದಿ ಭಾವಿಸಿದ್ದಾರೆ. ನನ್ನ ಅನುಭವದಲ್ಲಿ ಎರಡೂ ಒಂದೇ. ಚುಚ್ಚುವ ಹೋಲ್‌ಸ್ಟರನ್ನು ಯಾರೂ ಇಡೀ ದಿನ ಹಾಕಿಕೊಳ್ಳುವುದಿಲ್ಲ. ಕಾರು ಹತ್ತಿದ ಕೂಡಲೆ ತೆಗೆದು ಸೀಟಿನ ಪಕ್ಕ ಇಡುತ್ತಾರೆ, ಅಲ್ಲೇ ಮರೆಯುತ್ತಾರೆ, ಕಳ್ಳನಿಗೆ ಹಬ್ಬ. ಇಲ್ಲವೇ ಕೈಚೀಲಕ್ಕೆ ಹಾಕುತ್ತಾರೆ. 2014ರ ಡಿಸೆಂಬರ್ 30ರಂದು ಐಡಹೋದ ಹೇಡನ್ ಎಂಬಲ್ಲಿ ಅಂಗಡಿಯೊಳಗೆ ಎರಡು ವರ್ಷದ ಮಗು ತಾಯಿಯ ಕೈಚೀಲದ ಜಿಪ್ ತೆರೆದು ಪಿಸ್ತೂಲು ಹಿಡಿಯಿತು, ತಾಯಿ ಅಲ್ಲೇ ತೀರಿಕೊಂಡಳು. ಆ ಚೀಲದಲ್ಲಿ ಪಿಸ್ತೂಲಿಗೆಂದೇ ಮಾಡಿದ ಖಾನೆಯಿತ್ತು. ಮೈಮೇಲಿಲ್ಲದ ಪಿಸ್ತೂಲು ಯಾರ ಹತೋಟಿಯಲ್ಲೂ ಇಲ್ಲ.

ಎಲ್ಲಿ ಕಟ್ಟುವುದು ಎನ್ನುವುದಕ್ಕೆ ಇಲ್ಲಿನವರದು ಗಡಿಯಾರದ ಲೆಕ್ಕ. ಹೊಕ್ಕುಳು 12 ಗಂಟೆ, ಬಲಗಡೆ ಸೊಂಟದ ಮೂಳೆ 3. ಬಲಗೈಯವರು 4 ಗಂಟೆಯ ಆಸುಪಾಸಿನಲ್ಲೋ, ಮುಂದೆ 1 ಗಂಟೆಯಲ್ಲೋ ಕಟ್ಟುತ್ತಾರೆ. ಮುಂದಿನದನ್ನು ಅಪೆಂಡಿಕ್ಸ್ ಕ್ಯಾರಿ ಎನ್ನುತ್ತಾರೆ. ಕೇಳಿದಾಗ ನನಗೆ ನೆನಪಾದದ್ದು ನಮ್ಮ ಕಡೆ ಮದುವೆಗೆ ತೊಡುವ ಉದ್ದನೆಯ ನಿಲುವಂಗಿ, ಕುಪ್ಯ. ಸೊಂಟಕ್ಕೆ ಕೆಂಪು ಚೇಲೆ ವಸ್ತ್ರ ಬಿಗಿದು ಮುಂದೆ ಪೀಚೆಕತ್ತಿ ಎಂಬ ಚೂರಿ ಸಿಕ್ಕಿಸಿಕೊಂಡು ಇಡೀ ದಿನ ಏಳುತ್ತ ಕೂರುತ್ತ ಇದ್ದವರಿಗೆ ಗೊತ್ತು, ಹಿಡಿ ಎರಡು ಬೆರಳು ಮೇಲಿದ್ದರೆ ಪಕ್ಕೆಲುಬಿಗೆ, ಕೆಳಗಿದ್ದರೆ ತೊಡೆಸಂದಿಗೆ. ಸ್ವಲ್ಪ ಓರೆಯಾಗಿದ್ದರೆ ಮಾತ್ರ ನೆಮ್ಮದಿ. ಬೆನ್ನ ಹಿಂದೆ ಅಗಲ ಅಲಗಿನ ಒಡಿಕತ್ತಿಯನ್ನು ತೊಡಂಗ್ ಎಂಬ ಲೋಹದ ಕೊಂಡಿಗೆ ಸಿಕ್ಕಿಸುವುದೂ ಇದೆ ನಮ್ಮಲ್ಲಿ. ಆದರೆ ಪಿಸ್ತೂಲನ್ನು ಬೆನ್ನ ನಡುವೆ, 6 ಗಂಟೆಯಲ್ಲಿ ಕಟ್ಟಬೇಡಿ. ಜಾರಿ ಅಂಗಾತ ಬಿದ್ದರೆ ಬೆನ್ನುಮೂಳೆಗೂ ನೆಲಕ್ಕೂ ನಡುವೆ ಉಕ್ಕಿನ ತುಂಡು ಇರುತ್ತದೆ.

ನನ್ನ ಪಿಸ್ತೂಲು ತುಂಬಿದಾಗ ಸುಮಾರು 650 ಗ್ರಾಂ, ಅರ್ಧ ಕಿಲೋ ಕಾಫಿಪುಡಿಯ ಪೊಟ್ಟಣಕ್ಕಿಂತ ತುಸು ಹೆಚ್ಚು. ಮೆತ್ತನೆಯ ಬೆಲ್ಟ್ ಅದನ್ನು ಹೊರುವುದಿಲ್ಲ, ಮಧ್ಯಾಹ್ನದ ಹೊತ್ತಿಗೆ ಪ್ಯಾಂಟು ಒಂದು ಕಡೆ ಜೋತುಬಿದ್ದಿರುತ್ತದೆ. ಹೋಲ್‌ಸ್ಟರಿಗೆ ಸುರಿದ ದುಡ್ಡಿನಲ್ಲಿ ಅರ್ಧ ಬೆಲ್ಟಿಗೆ ಹಾಕಿ ಎಂದು ತರಬೇತುದಾರರು ಹೇಳಿದಾಗ ಮಾರಾಟದ ಮಾತು ಅಂದುಕೊಂಡಿದ್ದೆ. ಅಲ್ಲವಂತೆ. ಒಂದೂವರೆ ಇಂಚಿನ ಗಡಸು ಬೆಲ್ಟ್ ಕಟ್ಟಿದ ದಿನವೇ ಅರ್ಧ ನೋವು ಹೋಯಿತು. ಉಳಿದರ್ಧ ಹೋದದ್ದು ಹೋಲ್‌ಸ್ಟರಿನ ತುದಿಗೆ ಒಳಗಡೆ ಅಂಟಿಸುವ ಫೋಮ್ ತುಂಡಿನಿಂದ. ನಳಿಗೆಯ ತುದಿಯನ್ನು ಮೈಯಿಂದ ದೂರ ತಳ್ಳಿ, ಹಿಡಿಯನ್ನು ಹೊಟ್ಟೆಯ ಕಡೆ ವಾಲಿಸುತ್ತದೆ. ಅಂಗಿಯ ಮೇಲೆ ಹಿಡಿಯ ಉಬ್ಬು ಮೂಡುವುದಕ್ಕೆ ಇಲ್ಲಿ ‘ಪ್ರಿಂಟಿಂಗ್’ ಎನ್ನುತ್ತಾರೆ, ಅದೂ ಕಡಿಮೆಯಾಯಿತು.

ಆದರೆ ಇಲ್ಲಿನವರ ಪರೀಕ್ಷೆಗಳು ನಮಗೆ ಸಾಲವು. ಅವರು ಕುರ್ಚಿ, ಕಾರು, ಶೂ ಲೇಸು ಎನ್ನುತ್ತಾರೆ. ನಾವು ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವವರು. ಅಪೆಂಡಿಕ್ಸ್ ಹೋಲ್‌ಸ್ಟರ್ ಹಾಕಿಕೊಂಡು ನೆಲದಲ್ಲಿ ಕೂತು ಸಾರಿಗೆ ಬಾಗಿ ನೋಡಿ, ಆಮೇಲೆ ಮಾತಾಡೋಣ. ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಹಳೆಯ ಪರಿಚಯದವರೊಬ್ಬರು ಗಟ್ಟಿಯಾಗಿ ತಬ್ಬಿಕೊಂಡು, ತಟ್ಟನೆ ಹಿಂದೆ ಸರಿದು ನನ್ನ ಮುಖ ನೋಡಿದರು. ‘ಇನ್ಸುಲಿನ್ ಪಂಪಾ?’ ಎಂದರು. ಹೌದು ಎಂದುಬಿಟ್ಟೆ. ಆ ಸುಳ್ಳಿನ ನಾಚಿಕೆ ಇನ್ನೂ ಹೋಗಿಲ್ಲ. ಅಂದಿನಿಂದ ನನ್ನದೊಂದು ನಿಯಮ: ದೇವಸ್ಥಾನ, ಕನ್ನಡದವರ ಸಮಾರಂಭ, ಮಕ್ಕಳು ಮಡಿಲೇರುವ ಮನೆ, ಪಂಚೆ ಉಟ್ಟ ದಿನ, ಇಷ್ಟಕ್ಕೂ ಪಿಸ್ತೂಲು ಮನೆಯ ತಿಜೋರಿಯಲ್ಲೇ. ಪಂಚೆಗೆ ಹೊಂದುವ ಹೋಲ್‌ಸ್ಟರನ್ನು ಯಾರೂ ಮಾಡಿಲ್ಲ, ಮಾಡುವುದೂ ಬೇಡ.

ಹೊಸದನ್ನು ತಂದರೆ ಎರಡು ವಾರ ಖಾಲಿ ಪಿಸ್ತೂಲಿಟ್ಟು ಮನೆಯಲ್ಲೇ ತೊಟ್ಟು ನೋಡುತ್ತೇನೆ, ಗುಂಡುಗಳು ಬೇರೆ ಕೋಣೆಯಲ್ಲಿ. ಒಳಗಿಡುವಾಗ ಕಣ್ಣಿಟ್ಟು, ಅಂಗಿಯನ್ನು ಎದೆಯ ತನಕ ಎತ್ತಿ ಹಿಡಿದು, ನಿಧಾನ. ತೆಗೆಯುವುದರಲ್ಲಿ ಅವಸರಕ್ಕೆ ಕಾರಣ ಇರಬಹುದು, ಇಡುವುದರಲ್ಲಿ ಯಾವ ಅವಸರವೂ ಇಲ್ಲ. ರಾತ್ರಿ ಬಿಚ್ಚುವಾಗಲೂ ಪಿಸ್ತೂಲು ಹೊರಗೆಳೆಯುವುದಿಲ್ಲ. ಹೋಲ್‌ಸ್ಟರ್ ಸಮೇತ ಬೆಲ್ಟಿನಿಂದ ಕಳಚಿ ಹಾಗೇ ತಿಜೋರಿಗೆ. ಟ್ರಿಗರ್ ಗಾಳಿಗೆ ಬೀಳುವ ಕ್ಷಣಗಳು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು.

ಈ ದಾರಿಗೆ ಬರುವಷ್ಟರಲ್ಲಿ ಡ್ರಾಯರಿನಲ್ಲಿ ಐದು ಹೋಲ್‌ಸ್ಟರ್ ಬಿದ್ದಿವೆ. ಮೊನ್ನೆ ಹಾಸನದ ಕಡೆಯ ಗೆಳೆಯನೊಬ್ಬ ಬಂದಿದ್ದ. ಹೊಸದಾಗಿ ಪಿಸ್ತೂಲು ಕೊಂಡಿದ್ದಾನೆ, ಬೇರೆ ಕಂಪನಿಯದು. ಡ್ರಾಯರ್ ನೋಡಿ, ‘ಐದರಲ್ಲಿ ಒಂದು ಕೊಡೋ ಮಾರಾಯ, ದುಡ್ಡು ದಂಡ ಯಾಕೆ’ ಎಂದ. ನಿನ್ನದಕ್ಕೆ ಆಗುವುದಿಲ್ಲ ಎಂದೆ. ಅವನೇ ಒಂದನ್ನೆತ್ತಿಕೊಂಡು, ತನ್ನ ಪಿಸ್ತೂಲನ್ನು ಇಬ್ಬರೂ ಸೇರಿ ಖಾಲಿ ಎಂದು ನೋಡಿದ ಮೇಲೆ, ಒಳಗಿಳಿಸಿದ. ಚೆನ್ನಾಗಿಯೇ ಕೂತಂತಿತ್ತು. ‘ನೋಡು, ಅಚ್ಚು ಹೊಡೆದ ಹಾಗಿದೆ’ ಎಂದ. ಇಸಿದುಕೊಂಡು ಸೋಫಾದ ಮೇಲೆ ತಲೆಕೆಳಗಾಗಿ ಹಿಡಿದು ಎರಡು ಸಲ ಕುಲುಕಿದೆ. ಎರಡನೆಯ ಸಲಕ್ಕೆ ಪಿಸ್ತೂಲು ಜಾರಿ ಮೆತ್ತೆಯ ಮೇಲೆ ಬಿತ್ತು. ಅವನು ಅದನ್ನೂ ನನ್ನನ್ನೂ ನೋಡಿ, ‘ಆ ಬೆಲ್ಟ್ ಎಲ್ಲಿ ತಗೊಂಡೆ ಅಂದೆ?’ ಎಂದು ಕೇಳಿದ.