ಕುರಿ ಇಲ್ಲದ ಮನೆಗೆ ಕುರಿ ಕಾಯುವ ನಾಯಿ ಯಾಕೆ?

ಬಾಗಲಕೋಟೆಯ ನವನಗರದಲ್ಲಿ ನಮ್ಮ ಸಂಬಂಧಿಕರೊಬ್ಬರು ಕಾಕೇಶಿಯನ್ ಶೆಫರ್ಡ್ ಸಾಕಿದ್ದಾರೆ. ಎಸಿ ಕೋಣೆಯಲ್ಲಿ. ಏಪ್ರಿಲ್ ತಿಂಗಳಲ್ಲಿ ಹೊರಗೆ ಬಿಸಿಲು 40 ಡಿಗ್ರಿ ಮುಟ್ಟಿರುತ್ತದೆ, ಮನೆಯ ಅಜ್ಜ ಫ್ಯಾನಿನ ಕೆಳಗೆ ಕೂತು ಟವೆಲ್ಲಿನಿಂದ ಬೆವರು ಒರೆಸಿಕೊಳ್ಳುತ್ತಿರುತ್ತಾರೆ, ನಾಯಿ ಮಾತ್ರ ಒಳಗೆ ತಣ್ಣಗೆ ಮಲಗಿರುತ್ತದೆ. ನೋಡಿದವರು ನಗುತ್ತಾರೆ. ನನಗೆ ನಗುವಿಗಿಂತ ಸಿಟ್ಟೇ ಜಾಸ್ತಿ ಬಂತು. ಅದು ಕಾಕಸಸ್ ಬೆಟ್ಟಗಳ ಚಳಿಯಲ್ಲಿ, ತೋಳ ಕರಡಿಗಳಿಂದ ಕುರಿ ಕಾಯೋಕೆ ಅಂತ ಬೆಳೆದು ಬಂದ ತಳಿ. 50 ಕೆಜಿ ಮೀರಿದ ಮೈ, ಎರಡು ಪದರದ ಕೂದಲು. ನವನಗರದಲ್ಲಿ ಅದಕ್ಕೆ ಇರುವ ಕೆಲಸ ಅಂದರೆ ಪಾರ್ಸೆಲ್ ಹುಡುಗನಿಗೆ ಬೊಗಳುವುದು, ಅಷ್ಟೇ.

"ಅಣ್ಣಾ, ಜಾಗ ಐತೆಲ್ಲ, ಎರಡು ಸೈಟ್ ಅದಾವು" ಅಂದ ಅದರ ಯಜಮಾನ. ಎಲ್ಲರೂ ಹೇಳುವ ಮಾತೇ ಇದು. ಜಾಗ ಇದ್ದರೆ ಸಾಕು ಅಂತ. ಇಲ್ಲ ಮಾರಾಯರೇ, ಸಾಕಾಗಲ್ಲ. ಕಾಯೋಕೆ ಏನೂ ಇಲ್ಲದ ಕಾವಲು ನಾಯಿಗೆ ಹತ್ತು ಎಕರೆ ಕೊಟ್ಟರೂ ಅದು ಬೇಲಿ ಹಾರಿ ಹನ್ನೊಂದನೇ ಎಕರೆ ನೋಡೋಕೆ ಹೋಗುತ್ತದೆ.

ನಾನು ಮುಧೋಳ ಕಡೆಯವನು. ಈಗ ಇರುವುದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ, ವಾರ್ನಂಬುಲ್ ಅನ್ನೋ ಸಮುದ್ರ ದಡದ ಊರಿನ ಹತ್ತಿರ. ಸ್ವಲ್ಪ ಹುಲ್ಲುಗಾವಲು, ಒಂದಷ್ಟು ಕುರಿ, ಅವುಗಳ ನಡುವೆ ಒಂದು ಮರೆಮ್ಮಾ ನಾಯಿ. ಇಟಲಿಯ ತಳಿ, ಬಿಳಿ ಬಣ್ಣ, ತೂಕ 40 ಕೆಜಿ ಆಸುಪಾಸು. ಈ ಊರಲ್ಲಿ ಮರೆಮ್ಮಾ ಅಂದರೆ ಸಣ್ಣ ಮಕ್ಕಳಿಗೂ ಗೊತ್ತು. ಯಾಕೆಂದರೆ ಇಲ್ಲಿ ದಡದ ಪಕ್ಕದಲ್ಲೇ ಮಿಡಲ್ ಐಲ್ಯಾಂಡ್ ಅಂತ ಒಂದು ಸಣ್ಣ ನಡುಗಡ್ಡೆ ಇದೆ. ಅಲ್ಲಿ ಮೊದಲು ನೂರಾರು ಪುಟ್ಟ ಪೆಂಗ್ವಿನ್‌ಗಳಿದ್ದವು. ನೀರು ಇಳಿದಾಗ ನರಿಗಳು ದಾಟಿಹೋಗಿ ಒಂದೊಂದಾಗಿ ಮುಗಿಸಿ, 2005ರ ಹೊತ್ತಿಗೆ ಹತ್ತೂ ಉಳಿದಿರಲಿಲ್ಲ. (ಈ ನರಿಗಳೂ ಇಲ್ಲಿಯವಲ್ಲ, ಬೇಟೆಯ ಮೋಜಿಗೆ ಅಂತ 19ನೇ ಶತಮಾನದಲ್ಲಿ ಬಿಳಿಯರು ತಂದು ಬಿಟ್ಟದ್ದು.) ಕೋಳಿ ಸಾಕುವ ರೈತನೊಬ್ಬ, ನನ್ನ ಕೋಳಿ ಕಾಯುವ ನಾಯಿ ಪೆಂಗ್ವಿನ್ ಯಾಕೆ ಕಾಯಬಾರದು ಅಂದ. 2006ರಲ್ಲಿ ಮರೆಮ್ಮಾ ನಾಯಿಯನ್ನು ಅಲ್ಲಿ ಬಿಟ್ಟರು. ಪೆಂಗ್ವಿನ್ ಮತ್ತೆ ಹೆಚ್ಚಾದವು. 2017ರಲ್ಲಿ ಸಮುದ್ರ ಕೆರಳಿ ನಾಯಿಗಳು ಅಲ್ಲಿಗೆ ಹೋಗಲಾಗದ ಹೊತ್ತಲ್ಲಿ ನರಿ ಹೊಕ್ಕು ನೂರಕ್ಕೂ ಜಾಸ್ತಿ ಹಕ್ಕಿ ಕೊಂದವು.

ಅಂದರೆ ಈ ನಾಯಿ ಇದ್ದರೆ ಸಾಕು, ಅರ್ಧ ಕೆಲಸ ಆದ ಹಾಗೆ. ಅದು ನರಿಯನ್ನು ಅಟ್ಟಿಸಿಕೊಂಡು ಮೈಲಿಗಟ್ಟಲೆ ಓಡುವುದಿಲ್ಲ. ಬಾರ್ಡರ್ ಕೋಲಿ ಹಾಗೆ ಕುರಿ ಹೊಡೆದುಕೊಂಡು ಬರುವುದೂ ಇಲ್ಲ. ಬೇಲಿಗುಂಟ ಉಚ್ಚೆ ಹೊಯ್ದು ಗಡಿ ಹಾಕುತ್ತದೆ, ರಾತ್ರಿ ಬೊಗಳುತ್ತದೆ, ಏನಾದರೂ ಹತ್ತಿರ ಬಂದರೆ ಎದ್ದು ಕುರಿಗೂ ಅದಕ್ಕೂ ನಡುವೆ ನಿಲ್ಲುತ್ತದೆ. ಹಗಲೆಲ್ಲ ನಿದ್ದೆ. ಇದೆಲ್ಲ ಎಂಟು ವಾರದ ಮರಿಯನ್ನು ಕುರಿಗಳ ಜೊತೆ ಬಿಟ್ಟಾಗಿನಿಂದ ಶುರುವಾಗುತ್ತದೆ. ಆ ಎಳೆ ವಯಸ್ಸಲ್ಲಿ ಯಾರ ಜೊತೆ ಬೆಳೆಯುತ್ತದೋ ಅವರೇ ಅದರ ಬಳಗ. ಹಾಗಂತ ಒಂದೇ ದಿನಕ್ಕೆ ಕಾವಲುಗಾರ ಆಗಿಬಿಡಲ್ಲ. ಎರಡು ವರ್ಷದವರೆಗೂ ಹುಡುಗಾಟ ಹೋಗುವುದಿಲ್ಲ, ಕುರಿಮರಿಯ ಕಿವಿ ಹಿಡಿದು ಎಳೆಯುವುದು, ಉಣ್ಣೆ ಕಚ್ಚುವುದು ಎಲ್ಲ ನಡೆಯುತ್ತದೆ. ಅಷ್ಟು ದಿನ ಮನುಷ್ಯ ಕಣ್ಣಿಡಲೇಬೇಕು.

ಆರೈಕೆ ಅಂದರೆ ಜನ ಊಟದ ಬಗ್ಗೆ ಕೇಳುತ್ತಾರೆ. ಅದು ದೊಡ್ಡ ಮಾತಲ್ಲ, ಮೈಗೆ ಹೋಲಿಸಿದರೆ ತಿನ್ನುವುದು ಕಮ್ಮಿಯೇ. ತಲೆನೋವು ಅಂದರೆ ಹುಲ್ಲು. ಇಲ್ಲಿ ನವೆಂಬರ್, ಡಿಸೆಂಬರಿನಲ್ಲಿ ಹುಲ್ಲು ಒಣಗಿ ತೆನೆ ಉದುರುತ್ತದೆ. ಆ ಕಾಳಿನ ತುದಿ ಸೂಜಿ, ಮೈಯೆಲ್ಲ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳು, ಹಾಗಾಗಿ ಒಳಗೆ ಹೋಗಬಹುದೇ ಹೊರತು ವಾಪಸ್ ಬರಲ್ಲ. ಬೆರಳ ಸಂದಿಯ ದಟ್ಟ ಕೂದಲಲ್ಲಿ ಸೇರಿಕೊಂಡು ಚರ್ಮ ತೂತು ಮಾಡಿಕೊಂಡು ಮೇಲೆ ಹತ್ತುತ್ತದೆ, ಕೀವು ತುಂಬುತ್ತದೆ. ಸಂಜೆ ನಾಯಿಯನ್ನು ಮಗ್ಗುಲಿಗೆ ಮಲಗಿಸಿ ಒಂದೊಂದೇ ಪಾದ ತೊಡೆಯ ಮೇಲಿಟ್ಟುಕೊಂಡು ಬೆರಳು ಬಿಡಿಸಿ ನೋಡಬೇಕು, ಆಮೇಲೆ ಕಿವಿ, ಆಮೇಲೆ ಕಂಕುಳು. ನಮ್ಮದಕ್ಕೆ ಬಲಗಾಲು ಮುಟ್ಟಿದರೆ ಆಗುವುದಿಲ್ಲ, ಗುರ್ ಅನ್ನುವುದಿಲ್ಲ, ಸುಮ್ನೆ ಎದ್ದು ಹೋಗಿ ಕುರಿಗಳ ನಡುವೆ ನಿಂತುಬಿಡುತ್ತದೆ. ಬಿಸಿಲಿಗೆ ಪಾಪ ಅಂತ ಕೂದಲು ಬೋಳಿಸುವವರೂ ಇದ್ದಾರೆ. ಬೋಳಿಸಬಾರದು. ಆ ಕೂದಲೇ ಬಿಸಿಲನ್ನೂ ತಡೆಯುತ್ತದೆ. ಬಾಚಿ ಒಳಪದರದ ಸತ್ತ ಕೂದಲು ತೆಗೆದರೆ ಸಾಕು.

ಇನ್ನು ಕಾಯಿದೆ. ಇಲ್ಲಿ ಮೂರು ತಿಂಗಳು ದಾಟಿದ ಪ್ರತಿ ನಾಯಿಗೂ ಮೈಕ್ರೋಚಿಪ್ ಬೇಕು, ಪ್ರತಿ ವರ್ಷ ಏಪ್ರಿಲ್ 10ರೊಳಗೆ ಕೌನ್ಸಿಲ್‌ನಲ್ಲಿ (ನಮ್ಮ ನಗರಸಭೆ ಇದ್ದ ಹಾಗೆ) ನೋಂದಣಿ ನವೀಕರಿಸಬೇಕು. ರಾತ್ರಿ ಬೊಗಳಿದರೆ ಅಕ್ಕಪಕ್ಕದವರು ದೂರು ಕೊಡಬಹುದು. ರಾತ್ರಿ ಬೊಗಳುವುದೇ ಕೆಲಸ ಆಗಿರುವ ನಾಯಿಗೆ ಎಂಥ ಸಂಕಟ ನೋಡಿ.

ಹೀಗೆ ಎಲ್ಲ ಅಚ್ಚುಕಟ್ಟು. ಆದರೂ ಒಂದು ವಿಷಯ ನನಗೆ ಇಂದಿಗೂ ಸರಿ ಹೋಗಿಲ್ಲ. ಇಲ್ಲಿನ ದೊಡ್ಡ ಫಾರಂಗಳಲ್ಲಿ ನಾಯಿ ಕುರಿಗಳ ಜೊತೆ ಒಂಟಿ. ತಿಂಡಿಯ ಡಬ್ಬಿ ತುಂಬಿಸಿಟ್ಟು ಹೋದರೆ ಯಜಮಾನ ಮತ್ತೆ ಯಾವಾಗಲೋ ಬರುವುದು. ನಮ್ಮ ಕಡೆ ಹಾಗಲ್ಲ. ದೀಪಾವಳಿ ಮುಗಿದು ಹೊಲ ಖಾಲಿಯಾದ ಮೇಲೆ ಕುರಿ ಹಟ್ಟಿ ಊರಿಂದ ಊರಿಗೆ ಹೋಗುತ್ತದಲ್ಲ, ಕುದುರೆ ಮೇಲೆ ಸಾಮಾನು, ಬುಟ್ಟಿಯಲ್ಲಿ ಎಳೆಮರಿ, ಕುರಿಗಾರ, ಅವನ ಹೆಂಡತಿ ಮಕ್ಕಳು, ನಾಯಿ, ಎಲ್ಲ ಒಟ್ಟಿಗೆ. ರೈತ ತನ್ನ ಹೊಲದಲ್ಲಿ ಗೊಬ್ಬರಕ್ಕೆ ಅಂತ ಕುರಿ ನಿಲ್ಲಿಸಿಕೊಂಡು ಜೋಳವನ್ನೋ ದುಡ್ಡನ್ನೋ ಕೊಡುತ್ತಾನೆ. ರಾತ್ರಿ ಕುರಿ ಕೂಡಿಹಾಕಿದ ಬಲೆಯ ಸುತ್ತ ನಾಯಿ, ಬಲೆಯ ಪಕ್ಕದಲ್ಲೇ ಕಂಬಳಿ ಹೊದ್ದ ಮನುಷ್ಯ. ನಾಯಿ ಬೊಗಳಿದ ರೀತಿಯಲ್ಲೇ ಬಂದದ್ದು ತೋಳವೋ ಕಳ್ಳನೋ ಅಂತ ಅವನಿಗೆ ಗೊತ್ತಾಗುತ್ತದೆ. ಊರಿಗೆ ಹೋದಾಗ ನಮ್ಮ ಹೊಲದಲ್ಲಿ ಹಟ್ಟಿ ಹಾಕಿದ್ದ ಹಿರಿಯರೊಬ್ಬರಿಗೆ ಇಲ್ಲಿಯ ಪದ್ಧತಿ ಹೇಳಿದೆ.

"ಅಲ್ಲೋ ತಮ್ಮಾ, ನಾಯಿ ಕುರಿ ಕಾಯ್ತೈತಿ ಅಂತಿ. ಆವಾಗ ಕುರಿಗಾರ ಎಲ್ಲಿರ್ತಾನ?"

"ಮನ್ಯಾಗ ಮಲಗಿರ್ತೀನಿ ಕಾಕಾ."

"ಹಂಗಾರ ಪಗಾರ ಯಾರಿಗೆ, ನಾಯಿಗೋ ನಿನಗೋ?"

ಉತ್ತರ ಕೊಡೋಕೆ ಏನಿತ್ತು?

ಅವರ ಹತ್ತಿರ ಇದ್ದದ್ದು ಮುಧೋಳ ನಾಯಿ. ಅದು ಬೇರೆಯೇ ಜಾತಿಯ ಕೆಲಸಗಾರ. ಕಣ್ಣಿಗೆ ಬಿದ್ದದ್ದನ್ನು ಓಡಿ ಹಿಡಿಯುವ ಬೇಟೆ ನಾಯಿ, ತೆಳ್ಳನೆ ಮೈ, 30 ಕೆಜಿ ದಾಟುವುದು ಅಪರೂಪ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು, ತಿಮ್ಮಾಪುರದಲ್ಲಿ ಅದಕ್ಕಾಗಿಯೇ ಸಂಶೋಧನಾ ಕೇಂದ್ರ ಇದೆ, ಸೈನ್ಯಕ್ಕೂ ಹೋಯಿತು. ಅದನ್ನು ಮರೆಮ್ಮಾ ಜೊತೆ ಹೋಲಿಸಿ ಯಾವುದು ಮೇಲು ಅನ್ನೋ ಜಗಳ ನನಗೆ ಬೇಡ. ಆದರೆ ನಮ್ಮ ಬಿಸಿಲಿಗೆ, ಜೋಳದ ನುಚ್ಚು ಮಜ್ಜಿಗೆಗೆ, ದಿನವೂ ನಡೆಯುವ ಹಟ್ಟಿಗೆ ಒಗ್ಗಿದ ನಾಯಿ ಮನೆ ಬಾಗಿಲಲ್ಲೇ ಇರುವಾಗ, ಕಾಕಸಸ್ ಬೆಟ್ಟದ ನಾಯಿಯನ್ನು ಲಕ್ಷ ಎಣಿಸಿ ತಂದು ಎಸಿ ಹಾಕುವುದು ಶೋಕಿ ಅಲ್ಲದೆ ಇನ್ನೇನು?

ಈ ಶೋಕಿಯ ಫಲ ನಾಯಿಗಳೇ ಉಂಡವು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ಅಪಾಯಕಾರಿ ಅಂತ ಪಟ್ಟಿ ಮಾಡಿ ನಿಷೇಧಿಸಲು ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಪಟ್ಟಿ ತೆಗೆದು ನೋಡಿ: ಕಂಗಾಲ್, ಅಕ್‌ಬಾಶ್, ಟೋರ್ನ್ಯಾಕ್, ಕಾಕೇಶಿಯನ್ ಶೆಫರ್ಡ್. ಟರ್ಕಿಯಲ್ಲಿ, ಬಾಲ್ಕನ್ ಮತ್ತು ಕಾಕಸಸ್ ಬೆಟ್ಟಗಳಲ್ಲಿ ಕುರಿಮರಿಗಳ ಪಕ್ಕ ಮಲಗುವ ನಾಯಿಗಳು ಇವು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್, ಸಂಬಂಧಪಟ್ಟವರನ್ನು ಕೇಳದೆ ಹೊರಡಿಸಿದ್ದು ಅಂತ ಆ ಸುತ್ತೋಲೆ ರದ್ದು ಮಾಡಿತು. ಒಳ್ಳೆಯದಾಯಿತು. ಆದರೆ ನನ್ನನ್ನು ಕೇಳಿದರೆ ತಳಿ ನಿಷೇಧಿಸುವ ಬದಲು, ಇಂಥ ನಾಯಿಯನ್ನು ಇಡೀ ದಿನ ಗೇಟಿಗೆ ಸರಪಳಿ ಹಾಕಿ ಕಟ್ಟುವವರಿಗೆ ದಂಡ ಹಾಕಬೇಕು.

ನಮ್ಮ ಹಟ್ಟಿಯವರಲ್ಲಿ ತಪ್ಪೇ ಇಲ್ಲ ಅಂತಲ್ಲ. ಆಸ್ಟ್ರೇಲಿಯಾದ ನಾಯಿಗಳಲ್ಲಿ ರೇಬೀಸ್ ಇಲ್ಲ, ಇಲ್ಲಿ ಯಾರೂ ಆ ಸೂಜಿಯ ಸುದ್ದಿಗೇ ಹೋಗುವುದಿಲ್ಲ. ನಮ್ಮಲ್ಲಿ ಅದು ಜೀವ ತೆಗೆಯುವ ರೋಗ, ಆದರೂ ಹಟ್ಟಿ ನಾಯಿಗೆ ಲಸಿಕೆ ಆಗಿದೆಯಾ ಅಂದರೆ ಕಾಕಾ ಮುಖ ನೋಡುತ್ತಾರೆ. ಇನ್ನೊಂದು, ಕುರಿ ಕೊಯ್ದಾಗ ಹಸಿ ಪಿತ್ತಜನಕಾಂಗ, ಶ್ವಾಸಕೋಶ ನಾಯಿಗೆ ಎಸೆಯುವುದು. ಅದರಲ್ಲಿ ನೀರುಗುಳ್ಳೆ ಇದ್ದರೆ ನಾಯಿಯ ಹೊಟ್ಟೆಯಲ್ಲಿ ಹೈಡಾಟಿಡ್ ಅನ್ನೋ ಲಾಡಿಹುಳ ಬೆಳೆದು, ಮೊಟ್ಟೆ ಮಲದಲ್ಲಿ ಬಂದು, ನಾಯಿ ಮುಟ್ಟಿ ಕೈ ತೊಳೆಯದೆ ರೊಟ್ಟಿ ಮುರಿದ ಮನುಷ್ಯನೊಳಗೆ ಮತ್ತೆ ಗುಳ್ಳೆಯಾಗುತ್ತದೆ. ಇಲ್ಲಿ ಕುರಿಯ ಹಸಿ ಅಂಗಾಂಗ ನಾಯಿಗೆ ಹಾಕಬೇಡಿ ಅನ್ನುತ್ತಾರೆ, ಅಂಥದ್ದು ಬಾಯಿಗೆ ಸಿಗುವ ನಾಯಿಗೆ ಆರು ವಾರಕ್ಕೊಮ್ಮೆ ಪ್ರಾಜಿಕ್ವಾಂಟೆಲ್ ಅನ್ನೋ ಜಂತುಹುಳದ ಮಾತ್ರೆ ನುಂಗಿಸುತ್ತಾರೆ. ದುಬಾರಿ ಮಾತ್ರೆಯೇನಲ್ಲ ಅದು.

ಪಶು ಇಲಾಖೆಯವರು ಕುರಿಗಳಿಗೆ ಪಿಪಿಆರ್ ಅನ್ನೋ ಕುರಿ ರೋಗದ ಲಸಿಕೆ ಹಾಕೋಕೆ ಹೇಗೂ ಬರುತ್ತಾರೆ. ಅದೇ ದಿನ ಐಸ್ ಡಬ್ಬಿಯಲ್ಲಿ ನಾಲ್ಕು ರೇಬೀಸ್ ಲಸಿಕೆ, ಜೇಬಲ್ಲಿ ಒಂದು ಪಟ್ಟಿ ಜಂತುಹುಳದ ಮಾತ್ರೆ ತಂದರೆ ಆಯಿತಲ್ವಾ? ಇದನ್ನು ಹೇಳಿದಾಗ ಕಾಕಾ ಕೇಳಿದ್ದು ಒಂದೇ: "ಡಾಕ್ಟರ್ ಸೂಜಿ ತರ್ತಾರ ಖರೆ, ನಾಯಿ ಯಾರು ಹಿಡೀಬೇಕು?" ಆಮೇಲೆ ತಾವೇ ಅಂದರು, "ಹಿಡದು ಕೊಡೂಣು ಬಿಡು, ಮುಂಜಾನೆ ಬರಾಕ ಹೇಳು. ಮಧ್ಯಾಹ್ನ ನಾವು ಹಟ್ಟ್ಯಾಗ ಇರಂಗಿಲ್ಲ."