ಅಪ್ಪನ ಕಾಲಂ ಮಗನಿಗೆ ಬೇಡವಂತೆ

ಕೋಲಾರದ ಟೊಮ್ಯಾಟೊ ಮಂಡಿಯೊಂದರ ಬಿಲ್ಲಿಂಗ್ ಸಾಫ್ಟ್‌ವೇರ್ ನೋಡಿಕೊಳ್ಳುವುದು ನನ್ನ ಕೆಲಸ. ಇಲ್ಲಿ ಟೊಮ್ಯಾಟೊ ಅಂದರೆ 15 ಕೆಜಿ ಬಾಕ್ಸು. ಹರಾಜು ಕೂಗುವುದೂ ಬಾಕ್ಸಿಗೇ, ಬಿಲ್ಲು ಹರಿಯುವುದೂ ಬಾಕ್ಸಿಗೇ. ನನಗಿಂತ ಮೊದಲಿದ್ದ ಪುಣ್ಯಾತ್ಮರು ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್‌ನಲ್ಲಿ 'ಸರಕು' ಅಂತ ಅಪ್ಪನ ಟೇಬಲ್ ಮಾಡಿ, ಅದರಲ್ಲಿ 'ಬಾಕ್ಸ್' ಕಾಲಂ ಇಟ್ಟು, ಟೊಮ್ಯಾಟೊ, ಮಾವು ಎರಡನ್ನೂ ಅದರ ಮಕ್ಕಳಾಗಿ ಮಾಡಿ ಹೋಗಿದ್ದರು. ಅಪ್ಪನ ಕಾಲಂಗಳೆಲ್ಲ ಮಕ್ಕಳಿಗೆ ತಾವಾಗಿಯೇ ಬರುತ್ತವೆ. ಇದಕ್ಕೆ ಇನ್ಹೆರಿಟೆನ್ಸ್ ಅಂತಾರೆ.

ಸಾಹುಕಾರರು ಶ್ರೀನಿವಾಸಪುರದಲ್ಲಿ ಮಾವಿನ ಮಂಡಿಯನ್ನೂ ಶುರು ಮಾಡಿದರು. ಮಾವಿನದು ಟನ್ ಲೆಕ್ಕ.

"ಏನಪ್ಪಾ, ಮಾವಿಗೆ ಬಾಕ್ಸ್ ಎಷ್ಟು ಅಂತ ಕೇಳುತ್ತಲ್ಲ ನಿನ್ ಕಂಪ್ಯೂಟರು? ತೆಗ್ದಾಕು."

"ಆಯ್ತಣ್ಣಾ" ಅಂದೆ.

ಮಾವಿನ ಟೇಬಲ್ಲಿನಲ್ಲಿ ಆ ಕಾಲಂ ತೆಗೆ ಅಂದೆ. ಅಪ್ಪನಿಂದ ಬಂದದ್ದು, ತೆಗೆಯಲ್ಲ ಅಂತು. ಹೋಗಲಿ, ಹೆಸರಾದರೂ ಬದಲಿಸು ಅಂದೆ. ಅದೂ ಇಲ್ಲ. ಟೈಪು, ಅಂದರೆ ಅದರಲ್ಲಿ ಕೂರುವುದು ಅಂಕಿಯೋ ಅಕ್ಷರವೋ ಅನ್ನೋದು? ಊಹೂಂ. ನನ್ನ ಬೋಳುತಲೆಯೂ ಅಪ್ಪನಿಂದಲೇ ಬಂದದ್ದು. ಆದರೆ ಅದು ಇಷ್ಟು ಹಟ ಮಾಡಲ್ಲ, ಟೋಪಿ ಹಾಕಿದರೆ ಸುಮ್ಮನಿರುತ್ತೆ.

ಡಿಫಾಲ್ಟ್, ಅಂದರೆ ಏನೂ ತುಂಬದಿದ್ದರೆ ತಾನಾಗಿ ಬಂದು ಕೂರುವುದು, ಅದನ್ನು ಮಾತ್ರ ಮಗ ತನಗೆ ಬೇಕಾದ ಹಾಗೆ ಇಟ್ಟುಕೊಳ್ಳಬಹುದು. ಸದ್ಯಕ್ಕೆ ಸೊನ್ನೆ ಇಟ್ಟೆ. ಸಂಜೆ ಒಬ್ಬ ರೈತರು ಬಿಲ್ಲು ಹಿಡಿದು ನಕ್ಕರು. "ಸೊನ್ನೆ ಬಾಕ್ಸಿಗೆ ಇಷ್ಟು ದುಡ್ಡು ಕೊಡ್ತೀರಾ? ನಾಳೆಯಿಂದ ಖಾಲಿ ಗಾಡೀಲೇ ಬರ್ತೀನಿ ಬಿಡಿ."

ಹಾಗಂತ ಅಪ್ಪನ ಟೇಬಲ್ಲಿನಲ್ಲಿ ಕಾಲಂ ತೆಗೆದರೆ ಟೊಮ್ಯಾಟೊದಲ್ಲೂ ಹೋಗುತ್ತೆ. ಅಲ್ಲಿರುವ ಬಾಕ್ಸ್ ಲೆಕ್ಕವೆಲ್ಲ ಹರೋಹರ. ಪುಣ್ಯಕ್ಕೆ ಒಂದು ಸಂದು ಇದೆ. ಟೇಬಲ್ ತಿದ್ದುವ ಆಜ್ಞೆಯಲ್ಲಿ 'ಆಲ್ಟರ್ ಟೇಬಲ್' ಆದಮೇಲೆ 'ಓನ್ಲಿ' ಸೇರಿಸಿ ಡ್ರಾಪ್ ಮಾಡಿದರೆ ಅಪ್ಪನದಷ್ಟೇ ಹೋಗುತ್ತೆ. ಮಕ್ಕಳದು ಅವರವರ ಸ್ವಂತದ್ದಾಗಿ ಉಳಿಯುತ್ತೆ. ಆಮೇಲೆ ಯಾವ ಮಗ ಬೇಕಾದರೂ ತನ್ನದನ್ನು ಕಿತ್ತೆಸೆಯಬಹುದು. ನಮ್ಮ ಅಪ್ಪನ ಟೇಬಲ್ಲಿನಲ್ಲಿ ಸ್ವಂತದ್ದು ಅಂತ ಒಂದು ಸಾಲೂ ಇರಲಿಲ್ಲ, ಬರೀ ಯಜಮಾನಿಕೆ. ಕಳೆದುಕೊಳ್ಳುವುದೇನೂ ಇಲ್ಲ ಅಂತ ಹಾಗೇ ಮಾಡಿದೆ. ಮಾವಿನ ಬಿಲ್ಲು ಚೊಕ್ಕವಾಗಿ ಬಂತು.

ಮರುದಿನ ಬೆಳಿಗ್ಗೆ ಸಾಹುಕಾರರ ಫೋನು. ಅವರು ಕಾಫಿಗೂ ಮೊದಲು ನೋಡುವ 'ಇವತ್ತಿನ ಒಟ್ಟು ಬಾಕ್ಸ್' ರಿಪೋರ್ಟು ಅಪ್ಪನ ಟೇಬಲ್ಲನ್ನೇ ಕೇಳುತ್ತಿತ್ತು. ಅಪ್ಪನನ್ನು ಕೇಳಿದರೆ ಮಕ್ಕಳ ಲೆಕ್ಕವೂ ಸೇರಿ ಬರುತ್ತೆ. 'ಬಾಕ್ಸ್' ಅನ್ನೋ ಕಾಲಮ್ಮೇ ಇಲ್ಲ ಅಂತ ಅದು ಕೈ ಎತ್ತಿತ್ತು.

"ಬಾಕ್ಸ್ ತೆಗಿ ಅಂದಿದ್ದು ಮಾವಿಂದು ಕಣಪ್ಪಾ, ಮಂಡೀದಲ್ಲ!"